ಜೋಳದ ಹಕ್ಕಿ ಬಂದ ಸಂಜೆ

ನಾನು ನಿಂತಿದ್ದು ಹೊನ್ನಾಳಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಭೂಮಿ ಹುಣ್ಣಿಮೆಯ ಹಿಂದಿನ ದಿನದ ಸಂಜೆ. ಬಿಸಿಲು ನೆಲ ಬಿಟ್ಟು ತೆಂಗಿನ ಗರಿಗೆ ಏರಿತ್ತು, ಹೊತ್ತು ಇನ್ನೂ ಮುಳುಗಿರಲಿಲ್ಲ. ಆಗ ನಾನು ನಾಲ್ಕನೇ ಕ್ಲಾಸು. ಇಷ್ಟನ್ನು ಮೊದಲೇ ಹೇಳಿಬಿಡುವುದು ನನಗೆ ಅಭ್ಯಾಸವಾಗಿದೆ, ಏಕೆಂದರೆ ಮಾರನೆಯ ದಿನ ಹತ್ತಾರು ಜನರ ನಡುವೆ ನನ್ನನ್ನು ಇದನ್ನೇ ಕೇಳಿದರು. ಅವತ್ತು ಕೊಟ್ಟ ಉತ್ತರವನ್ನು ಆಮೇಲೆ ಎಷ್ಟು ಸಲ ನನ್ನೊಳಗೆ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಎಪ್ಪತ್ತರ ದಶಕದ ಹೊನ್ನಾಳಿ ಮರೆತುಹೋಗುತ್ತಿದೆ. ಪಕ್ಕದ ಮನೆಯವರ ಹೆಸರು ಕೇಳಿದರೆ ತಡವರಿಸುತ್ತೇನೆ. ಆ ಕಲ್ಲು ಮಾತ್ರ ಕಾಲಡಿಯಲ್ಲೇ ಇದೆ.

ಹಿತ್ತಲು ಹೇಗಿತ್ತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಡುಗೆಮನೆಯ ಹಿಂಬಾಗಿಲು ಹಿತ್ತಲಿಗೆ ತೆರೆಯುತ್ತಿತ್ತು. ಬಾಗಿಲಿನ ಬಲಕ್ಕೆ ಬಚ್ಚಲು, ಅದರ ಮುಂದೆ ಒಗೆಯುವ ಕಲ್ಲು, ಎಡಕ್ಕೆ ದನದ ಕೊಟ್ಟಿಗೆ. ಹಿತ್ತಲಿನ ಆ ಕೊನೆಯಲ್ಲಿ ಓಣಿಗೆ ಹೋಗುವ ಸಣ್ಣ ಬಾಗಿಲು, ಅದಕ್ಕೆ ದಿಡ್ಡಿ ಎನ್ನುತ್ತಿದ್ದೆವು. ಅಡುಗೆಮನೆಗೂ ದಿಡ್ಡಿಗೂ ನಡುವೆ ಭತ್ತದ ಹುಲ್ಲಿನ ಬಣವೆ. ಬೇಸಿಗೆಯಲ್ಲಿ ಒಟ್ಟಿದ ಬಣವೆಯನ್ನು ಎತ್ತು ಎಮ್ಮೆಗಳು ಅರ್ಧ ತಿಂದು ಮುಗಿಸಿದ್ದರೂ, ಆಚೆ ನಿಂತ ಆಳನ್ನು ಮರೆಮಾಡುವಷ್ಟು ಎತ್ತರ ಅದಕ್ಕಿನ್ನೂ ಇತ್ತು. ಅಡುಗೆಮನೆ ಬಾಗಿಲಲ್ಲಿ ನಿಂತವರಿಗೆ ದಿಡ್ಡಿ ಕಾಣುತ್ತಿರಲಿಲ್ಲ. ಒಗೆಯುವ ಕಲ್ಲು ಹತ್ತಿದರೆ, ಬಣವೆಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ ಕಾಣುತ್ತಿತ್ತು.

ನಾನು ಕಲ್ಲು ಹತ್ತಿದ್ದು ದಿಡ್ಡಿ ನೋಡಲಿಕ್ಕಲ್ಲ, ಹಕ್ಕಿ ನೋಡಲಿಕ್ಕೆ. ಮಳೆಗಾಲ ಹಿಂದೆ ಸರಿದು ಆಕಾಶ ತೊಳೆದಿಟ್ಟಂತೆ ಆಗುವ ಹೊತ್ತಿಗೆ, ಒಂದು ಸಂಜೆ ಇದ್ದಕ್ಕಿದ್ದಂತೆ ಅವು ಬರುತ್ತಿದ್ದವು. ಮೊದಲು ಒಂದು ಹೊಗೆಯ ಹಾಗೆ ಕಾಣುತ್ತಿತ್ತು. ಆ ಹೊಗೆ ಒಮ್ಮೆ ಮುದ್ದೆಯಾಗಿ, ಒಮ್ಮೆ ಬಟ್ಟೆ ಕೊಡವಿದ ಹಾಗೆ ಹರಡಿ, ನಮ್ಮ ಹಿತ್ತಲಿನ ಮೇಲೆ ಒಂದು ಸುತ್ತು ಹೊಡೆದು ಹೊಳೆಯ ಜೊಂಡಿನ ಕಡೆಗೆ ಇಳಿಯುತ್ತಿತ್ತು. ತಲೆಯ ಮೇಲೆ ಹಾದಾಗ ಮೊರದಲ್ಲಿ ಕಾಳು ಕೇರಿದ ಸದ್ದು. ತಲೆ, ರೆಕ್ಕೆ ಕಪ್ಪು. ಮೈ ಒಗೆದು ಒಗೆದು ಮಸುಕಾದ ಗುಲಾಬಿ ಸೀರೆಯ ಬಣ್ಣ. ಪುಸ್ತಕದಲ್ಲಿ ಅದರ ಹೆಸರು ಗುಲಾಬಿ ಮೈನಾ ಎಂದೂ, ಹಿಮಾಲಯದ ಆಚೆಯ ದೇಶಗಳಿಂದ ಚಳಿಗೆ ಮುಂಚೆ ಬರುತ್ತದೆಂದೂ ನಾನು ಓದಿಕೊಂಡದ್ದು ಎಷ್ಟೋ ಕಾಲದ ಮೇಲೆ. ಅವ್ವನಿಗೆ ಅದು ಜೋಳದ ಹಕ್ಕಿ.

ಅವ್ವ ಜಗಳೂರಿನವಳು. ಜೋಳ, ಸಜ್ಜೆ, ಕೆಂಪು ಮಣ್ಣು, ಗಾಳಿ. ಅಲ್ಲಿಂದ ಮದುವೆಯಾಗಿ ಕಾಲುವೆ ನೀರಿನ ಈ ಗದ್ದೆ ಸೀಮೆಗೆ ಬಂದಿದ್ದಳು. ಮೂರು ಹೊತ್ತು ಅನ್ನ ಅವಳಿಗೆ ಇಳಿಯುತ್ತಿರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಒಲೆಯ ಕೆಂಡದ ಮೇಲೆ ತನಗೊಂದು ರೊಟ್ಟಿ ಬಡಿದುಕೊಂಡು, ಖಾರದ ಪುಡಿ ಹಚ್ಚಿಕೊಂಡು, ಹಿಂಬಾಗಿಲ ಹೊಸ್ತಿಲ ಮೇಲೆ ಹಿತ್ತಲಿಗೆ ಮುಖ ಮಾಡಿ ಕೂತು ತಿನ್ನುತ್ತಿದ್ದಳು. ಅಪ್ಪನ ಅವ್ವ, ಅಂದರೆ ನಮ್ಮಜ್ಜಿ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿಕೊಂಡು ಅನ್ನುತ್ತಿದ್ದರು:

"ಬಡೀತಾಳಪ್ಪ ಡೋಲು. ಊರಾಗೆ ಯಾರ ಮದ್ವಿ ಐತೋ ಏನೋ."

ಅವ್ವ ಬಡಿಯುತ್ತಲೇ ಇರುತ್ತಿದ್ದಳು. ಅವಳ ಕಡೆಯವರು ಬರುತ್ತಿದ್ದುದು ಅಪರೂಪ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಬರಬೇಕು, ಒಂದು ದಿನ ಹೋಗುತ್ತಿತ್ತು. ವರ್ಷಕ್ಕೊಮ್ಮೆ ತಪ್ಪದೆ ಆ ದಿಕ್ಕಿನಿಂದ ಬರುತ್ತಿದ್ದುದು ಈ ಹಕ್ಕಿಗಳೇ. ಅವು ಬಂದ ಸಂಜೆ ಅವ್ವ ಬೇರೆ ಹೆಂಗಸಾಗುತ್ತಿದ್ದಳು. ತಾನು ಸಣ್ಣವಳಿದ್ದಾಗ ಜೋಳದ ಹೊಲದ ಅಟ್ಟಣೆ ಹತ್ತಿ ಕವಣೆ ಬೀಸಿ ಇವನ್ನೇ ಓಡಿಸುತ್ತಿದ್ದ ಕಥೆ ಹೇಳುತ್ತಿದ್ದಳು.

"ನಿಮ್ಮಜ್ಜ ಕೆಳಗೆ ನಿಂತ್ಕಂಡು ಹೇಳೋರು, 'ಹೊಡಿಬ್ಯಾಡ ಗಿರಿಜಿ, ಹೆದರ್ಸು ಅಷ್ಟೇ' ಅಂತ."

"ಯಾಕವ್ವ? ಜೋಳ ತಿಂತಾವಲ್ಲ?"

"ತಿನ್ನಾಕೇ ಬಂದಾವೆ ಮತ್ತೆ. ಎಲ್ಲಿಂದ್ಲೋ ಹಾರ್ಕಂಡು ಬಂದಿರ್ತಾವೆ. ಬಂದೋರ್ನ ಹೊಡಿತಾರೇನೋ ಯಾರಾದ್ರೂ?"

ಆ ವರ್ಷ ಹಕ್ಕಿ ತಡವಾಗಿತ್ತು. ಅವ್ವ ಕೆಲಸದ ನಡುವೆ ಬಾಗಿಲಿಗೆ ಬಂದು ಮೇಲೆ ನೋಡಿ ಒಳಗೆ ಹೋಗುತ್ತಿದ್ದಳು. ಅವತ್ತು ಅದಕ್ಕೂ ಪುರುಸೊತ್ತಿರಲಿಲ್ಲ. ಭೂಮಿ ಹುಣ್ಣಿಮೆಗೆ ನಮ್ಮ ಕಡೆ ಪೈರು ನಿಂತ ಭೂಮಿಯನ್ನು ಬಸುರಿ ಎಂದು ತಿಳಿದು, ಬಸುರಿಗೆ ಬಯಕೆ ಊಟ ಬಡಿಸಿದ ಹಾಗೆ ಹೊಲಕ್ಕೆ ಊಟ ಕೊಡುತ್ತಾರೆ. ಸಂಜೆಯಿಂದ ಅಡುಗೆ ಶುರು. ಕಡುಬು, ಹೋಳಿಗೆ, ಬುತ್ತಿಯನ್ನ, ಹತ್ತಾರು ಸೊಪ್ಪು ಬೆರೆಸಿ ಬೇಯಿಸಿದ ಪಲ್ಯ. ಬೆಳಕು ಹರಿಯುವ ಮೊದಲು ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಪೈರಿನ ಮೇಲೆ ಎರಚುತ್ತಾ ಬದು ಸುತ್ತಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಅಡುಗೆ ಮಾಡುವವಳು ನಗುನಗುತ್ತಾ ಮಾಡಬೇಕು ಎನ್ನುವುದು ಅಜ್ಜಿಯ ಕಟ್ಟುನಿಟ್ಟು. ಹಿಂದಿನ ವರ್ಷ ಹುಣ್ಣಿಮೆಯ ಅಡುಗೆ ಮಾಡುವಾಗಲೇ ಯಾವುದೋ ಮಾತಿಗೆ ಅವ್ವ ಒಲೆಯ ಮುಂದೆ ಕೂತು ಅತ್ತಿದ್ದಳು. ಆ ಬೆಳೆಗೆ ಬೆಂಕಿರೋಗ ಬಿದ್ದು ತೆನೆಯೆಲ್ಲ ಜೊಳ್ಳಾಗಿತ್ತು. ಅಜ್ಜಿ ಎರಡನ್ನೂ ಗಂಟು ಹಾಕಿದ್ದರು. ಅಪ್ಪ ಅದನ್ನು ಬಾಯಲ್ಲಿ ಒಪ್ಪಿರಲಿಲ್ಲ, ಅಲ್ಲಗಳೆದೂ ಇರಲಿಲ್ಲ.

ಕಲ್ಲಿನ ಮೇಲೆ ನಿಂತ ನಾನು ಮೊದಲು ಕಂಡದ್ದು ಹೊಗೆ. ಕೂಗಿದೆ.

"ಅವ್ವಾ! ಬಂದ್ವು!"

ಅವ್ವ ಹಿಂಬಾಗಿಲಿಗೆ ಓಡಿ ಬಂದಳು. ಎರಡೂ ಕೈಗೆ ಮಣಿಕಟ್ಟಿನವರೆಗೆ ಅಕ್ಕಿ ಹಿಟ್ಟು ಮೆತ್ತಿತ್ತು. ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ತಲೆ ಮೇಲೆತ್ತಿ ನಿಂತಳು. ಹಕ್ಕಿಗಳು ತಲೆಯ ಮೇಲೆ ಬಂದವು. ಅವ್ವ ನಕ್ಕಳು. ಹೀಗೆ ಅಂದಳು, ಇದರಲ್ಲಿ ಒಂದು ಅಕ್ಷರವೂ ನನ್ನದಲ್ಲ:

"ಅಪ್ಪನ ಹೊಲ ಮುಗ್ಸಿ ಬಂದಾವೆ ನೋಡೋ ಕಳ್ಳವು! ಹೊಟ್ಟೆ ನೋಡು ಹೆಂಗಾಗ್ಯಾವೆ!"

ಒಳಗಿನಿಂದ ಅಜ್ಜಿಯ ದನಿ: "ತೌರೋರು ಬಂದಂಗೆ ಕುಣಿತಾಳೆ. ಹಿಟ್ಟು ಆರ್ತೈತೆ, ಬಾ ಒಳಗೆ."

ಆ ಹೊತ್ತಿಗೆ ಹಕ್ಕಿಗಳು ಸುತ್ತು ತಿರುಗಿದವು. ಅವುಗಳ ಹಿಂದೆ ನನ್ನ ಕಣ್ಣು ಕೆಳಗಿಳಿಯಿತು, ಬಣವೆಯ ಸಂದಿಗೆ ಬಂತು. ಬಣವೆಯ ಆಚೆ, ದಿಡ್ಡಿಯ ಒಳಗೆ, ಇಬ್ಬರು ನಿಂತಿದ್ದರು. ಒಬ್ಬ ಅಪ್ಪ. ಇನ್ನೊಬ್ಬನನ್ನು ನಾನು ಗುರುತಿಸಲಿಲ್ಲ. ಹೆಗಲಿಗೆ ಚೀಲ, ಕಾಲೆಲ್ಲ ಧೂಳು. ಹುಲ್ಲು ಕೇಳಲು ಬಂದವನೆಂದುಕೊಂಡೆ. ಅವನ ಬಲಗೈ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಆ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಅವನೂ ಹಕ್ಕಿಗಳನ್ನು ನೋಡುತ್ತಿದ್ದ. ಅಪ್ಪ ಮೇಲೆ ನೋಡಲಿಲ್ಲ. ಅವನ ಮೊಣಕೈ ಹಿಡಿದುಕೊಂಡು ನೆಲ ನೋಡುತ್ತಾ ಏನೋ ಹೇಳುತ್ತಿದ್ದ. ಏನು ಹೇಳಿದನೆಂದು ನನಗೆ ಕೇಳಿಸಲಿಲ್ಲ. ಇಷ್ಟೇ ನಾನು ಕಂಡದ್ದು. ಆಮೇಲೆ ಅವರಿಬ್ಬರೂ ಓಣಿಗೆ ಹೋದರು, ನಾನು ಕಲ್ಲಿಳಿದೆ.

ಅವ್ವ ಅಡುಗೆ ಮುಗಿಸಿದಳು. ಆ ರಾತ್ರಿ ಅವಳು ಒಲೆಯ ಮುಂದೆ ಮೆಲ್ಲಗೆ ಹಾಡಿಕೊಳ್ಳುತ್ತಿದ್ದುದನ್ನು ನಿದ್ದೆಗಣ್ಣಲ್ಲಿ ಕೇಳಿದ್ದೇನೆ. ಬೆಳಗಿನ ಜಾವ ಸಾಸ್ವೆಹಳ್ಳಿ ದಾರಿಯಲ್ಲಿದ್ದ ನಮ್ಮ ಗದ್ದೆಗೆ ಗಾಡಿ ಕಟ್ಟಿಕೊಂಡು ಹೋದೆವು. ಅಪ್ಪ ಚರಗ ಚೆಲ್ಲಿದ. ಬದುವಿನ ಮೇಲೆ ಕೂತು ಉಂಡೆವು. ಅಜ್ಜಿ ಅವ್ವನ ಎಲೆಗೆ ತಾವೇ ಎರಡನೇ ಹೋಳಿಗೆ ಹಾಕಿದರು. ಅಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಅಪ್ಪ ಉಣ್ಣಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದ. ಮನೆಗೆ ಬಂದು ಗಾಡಿ ಇಳಿದ ಮೇಲೆ, ಮಧ್ಯಾಹ್ನ, ಕಟ್ಟೆಯ ಮೇಲೆ ಕೂತು ಅಪ್ಪ ಹೇಳಿದ:

"ಜಗಳೂರಿಂದ ಸುದ್ದಿ ಬಂದೈತೆ. ಮಾವಾರು ಹೋದ್ರಂತೆ."

ಅವ್ವ ಖಾಲಿ ಬುಟ್ಟಿಯನ್ನು ಕೆಳಗಿಡದೆ ನಿಂತೇ ಇದ್ದಳು. ಆಮೇಲೆ ಬಸ್ಸು, ದಾವಣಗೆರೆ, ಇನ್ನೊಂದು ಬಸ್ಸು. ಇಡೀ ದಾರಿ ಅವ್ವ ಮುಂದಿನ ಸೀಟಿನ ಕಂಬಿ ಹಿಡಿದು, ತಾನೇ ತಳ್ಳುತ್ತಿದ್ದಾಳೇನೋ ಎನ್ನುವ ಹಾಗೆ, ಮುಂದಕ್ಕೆ ಬಾಗಿ ಕೂತಿದ್ದಳು. ನಾವು ಜಗಳೂರು ಮುಟ್ಟಿದಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಬಾಗಿಲ ಮುಂದೆ ನೀರು ಚೆಲ್ಲಿದ ನೆಲ ಒದ್ದೆಯಾಗಿತ್ತು. ಜನ ಮಣ್ಣು ಮಾಡಿ ಬಂದು ಕಾಲು ತೊಳೆದುಕೊಂಡು ಕೂತಿದ್ದರು. ಅವ್ವನ ಅಣ್ಣ, ನಮ್ಮ ದೊಡ್ಡಮಾವ, ಎದ್ದು ಬಂದು ಅವ್ವನ ತಲೆಯ ಮೇಲೆ ಕೈಯಿಟ್ಟ.

"ಹೊತ್ತು ಇಳಿಯೋ ತನಕ ಇಟ್ಕಂಡಿದ್ವಿ ಗಿರಿಜಾ. ಮಗಳು ಬರ್ತಾಳೆ, ಮಗಳು ಬರ್ತಾಳೆ ಅಂತ. ಇನ್ನ ಆಗ್ಲಿಲ್ಲವ್ವ."

ಆಮೇಲೆ ಅವನ ದುಃಖ ಸಿಟ್ಟಾಗಿ ಮೂಲೆಯಲ್ಲಿ ಕೂತಿದ್ದ ಒಬ್ಬನ ಕಡೆಗೆ ತಿರುಗಿತು. ಅವನು ಅವ್ವನ ಚಿಕ್ಕಪ್ಪನ ಮಗ ಬಸಣ್ಣ. ಸುದ್ದಿ ಹೇಳಲು ಹೊನ್ನಾಳಿಗೆ ಕಳಿಸಿದ್ದು ಅವನನ್ನೇ.

"ಈ ಬಸ್ಯಾನ್ನ ಕಳ್ಸಿದ್ದು ನನ್ನ ತಪ್ಪು. ಮದ್ವಿ ಪತ್ರ ಹಂಚಾಕೆ ಕಳ್ಸಿದ್ರೆ ದಾವಣಗೆರೆ ಟಾಕೀಸ್ನಾಗೆ ಬಿಟ್ಟು ಬಂದೋನು ಇವ್ನು. ಯಾವ ಸಿನಿಮಾ ನೋಡಿದ್ಯೋ ನಿನ್ನೆ?"

"ಸಿನಿಮಾ ಇಲ್ಲ, ಏನೂ ಇಲ್ಲಣ್ಣ. ನಿನ್ನೆ ಹೊತ್ತಿರ್ತಾನೆ ಹೋಗೀನಿ. ಭಾವರ ಕೈಯಾಗೇ ಹೇಳೀನಿ. ಬಸ್ ಸ್ಟ್ಯಾಂಡ್ ಹತ್ರದ ಅಕ್ಕಿ ಗಿರಣಿಯಾಗೆ ಮಲ್ಕೋ, ಬೆಳಿಗ್ಗೆ ಬಸ್ಸಿಗೆ ಅಕ್ಕನ್ನ ಕರ್ಕಂಡು ಬರ್ತೀನಿ ಅಂದ್ರು. ಕಾದೆ, ಕಾದೆ, ಬರ್ಲೇ ಇಲ್ಲ. ಒಬ್ನೇ ಬಂದೆ. ಕೇಳ್ರಿ ಬೇಕಾದ್ರೆ, ಇಲ್ಲೇ ಅದಾರೆ."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಹೆಗಲ ಟವಲಿನ ಅಂಚು ತಿರುವುತ್ತಾ ಹೇಳಿದ:

"ಬೆಳಿಗ್ಗೆ ಬಂದಿದ್ನಂತೆ. ನಾವು ಗದ್ದೆಯಾಗಿದ್ವಿ. ಮನಿಗೆ ಬಂದ್ಮ್ಯಾಲೆ ಗೊತ್ತಾತು."

"ಭಾವಾರೇ," ಅಂದ ಬಸಣ್ಣ. ದೊಡ್ಡಮಾವ ಅವನ ಅಂಗಿಯ ಕೊರಳಿಗೆ ಕೈ ಹಾಕಿದ. ಬಸಣ್ಣ ತಡೆಯಲು ಬಲಗೈ ಎತ್ತಿದ. ಹೆಬ್ಬೆರಳಿಗೆ ಬಿಳಿ ಬಟ್ಟೆ.

ನಾನು ಅವ್ವನ ಸೆರಗು ಜಗ್ಗಿದೆ. ಯಾರ ಪರ, ಯಾರ ವಿರುದ್ಧ ಎಂಬುದು ನನ್ನ ತಲೆಯಲ್ಲಿರಲಿಲ್ಲ. ಪರಿಚಯದ ಮುಖ ಸಿಕ್ಕಿತು, ಅಷ್ಟೇ.

"ಅವ್ವ, ಇವ್ರು ಹುಲ್ಲಿನ ಮಾವ."

"ಯಾವ ಹುಲ್ಲಿನ ಮಾವನೋ?"

"ಬಣವೆ ಹಿಂದೆ ನಿಂತಿದ್ರಲ್ಲ, ಅಪ್ಪನ ಜೊತಿಗೆ. ಕೈ ಹಿಂಗೆ ಹಿಡ್ಕಂಡು ಹಕ್ಕಿ ನೋಡ್ತಿದ್ರು."

ಗದ್ದಲ ನಿಂತಿತು. ದೊಡ್ಡಮಾವನ ಕೈ ಬಸಣ್ಣನ ಕೊರಳಲ್ಲೇ ಇತ್ತು. ಅವ್ವ ನನ್ನೆದುರು ಕುಕ್ಕರಗಾಲಲ್ಲಿ ಕೂತಳು. ಅವಳ ದನಿ ಮೆಲ್ಲಗಿತ್ತು, ಲೆಕ್ಕ ತಪ್ಪದ ಹಾಗೆ ಕೇಳುವ ದನಿ.

"ಯಾವಾಗ?"

"ಹಕ್ಕಿ ಬಂದಾಗ."

"ನೀನೆಲ್ಲಿ ನಿಂತಿದ್ದೆ?"

"ಒಗಿಯೋ ಕಲ್ಲಿನ ಮ್ಯಾಲೆ."

"ನಾನು?"

"ನೀನು ಅಡಿಗಿಮನಿ ಬಾಗ್ಲಾಗೆ. ಕೈಗೆ ಹಿಟ್ಟಿತ್ತು. ನಗ್ತಿದ್ದೆ."

ಅವ್ವ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅಲ್ಲಿ ಹಿಟ್ಟೇನೂ ಇರಲಿಲ್ಲ. ಬೇರೆ ಯಾರ ಸಾಕ್ಷಿಯೂ ಅವಳಿಗೆ ಬೇಕಾಗಲಿಲ್ಲ; ಹಕ್ಕಿ ಬಂದ ಹೊತ್ತು ಅವಳಿಗೇ ಗೊತ್ತಿತ್ತು. ಅವಳು ಅಪ್ಪನನ್ನು ಬಯ್ಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಎದ್ದು ಬಸಣ್ಣಮಾವನ ಹತ್ತಿರ ಹೋಗಿ, "ಉಂಡೆಯೇನೋ ನಿನ್ನೆ ರಾತ್ರಿ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ ಬಿಕ್ಕಿದ. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಹೋಗುವಾಗ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ ಅದು. ಯಾರದೋ ಮನೆಯ ಹುಡುಗನನ್ನು ನೋಡುವ ಹಾಗೆ ನೋಡಿದ.

ದೀಪಾವಳಿ ಕಳೆದ ಮೇಲೆ ನಾವು ಹೊನ್ನಾಳಿಗೆ ವಾಪಸು ಬಂದೆವು. ಅವ್ವ ಎಲ್ಲ ಕೆಲಸವನ್ನೂ ಮೊದಲಿನಂತೆಯೇ ಮಾಡಿದಳು. ಅಪ್ಪನ ಜೊತೆ ಮಾತಾಡುವುದನ್ನು ಮಾತ್ರ ಬಿಟ್ಟಳು. ಬೇಕಾದ ಮಾತು ನನ್ನ ಮೂಲಕ ಹೋಗುತ್ತಿತ್ತು. ಅಪ್ಪ ಊಟಕ್ಕೆ ಕೂತಿರುತ್ತಿದ್ದ, ಅವ್ವ ಸೌಟು ಹಿಡಿದು ಅವನ ತಟ್ಟೆಯ ಮೇಲೇ ಬಾಗಿರುತ್ತಿದ್ದಳು.

"ತಮ್ಮಾ, ಸಾರು ಹಾಕ್ಲಾ ಅಂತ ಕೇಳು ನಿಮ್ಮಪ್ಪಗೆ."

"ಅಪ್ಪಾ, ಸಾರು ಹಾಕ್ಲಾ ಅಂತೆ."

"ಸಾಕು ಅಂತ ಹೇಳು."

"ಸಾಕಂತೆ ಅವ್ವ."

ಅಜ್ಜಿಗೆ ಮೊದಮೊದಲು ಇದು ತಮಾಷೆ. "ಬಂತಪ್ಪ ಟಪಾಲು" ಎನ್ನುತ್ತಿದ್ದರು. ಆಮೇಲೆ ನನಗೆ ಇನ್ನೊಂದು ಹೆಸರಿಟ್ಟರು. ನಾನು ಕೋಣೆಗೆ ಕಾಲಿಟ್ಟರೆ ಅಪ್ಪನಿಗೆ, "ಸಾಕ್ಷಿ ಬಂದ ನೋಡಪ್ಪಾ, ಮೆಲ್ಲಗೆ ಮಾತಾಡು" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಮಾತು ನಿಜವಾಗಿಯೂ ನಿಲ್ಲುತ್ತಿತ್ತು. ಆ ವರ್ಷ ಮನೆಯಲ್ಲಿ ಎಲ್ಲರ ಮಾತೂ ನನ್ನ ಬಾಯಿಯಿಂದ ಹಾದುಹೋಯಿತು, ನನಗಾಗಿ ಹೇಳಿದ ಮಾತು ಮಾತ್ರ ಕಡಿಮೆಯಾಯಿತು. ಶಾಲೆಯಲ್ಲಿ ಏನಾಯಿತು ಎಂದು ಕೇಳುವವರಿಲ್ಲ. ನಾನು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂರುತ್ತಿದ್ದೆ, ನಿಲ್ಲುತ್ತಿರಲಿಲ್ಲ. ನಿಂತರೆ ಏನಾದರೂ ಕಂಡುಬಿಟ್ಟೀತೆಂಬ ಭಯ. ಕಂಡದ್ದನ್ನು ಹೇಳುವ ಮೊದಲು ಎರಡು ಸಲ ಯೋಚಿಸುವ, ಹೇಳಿದರೆ ಕಂಡಷ್ಟೇ ಹೇಳುವ ನನ್ನ ಸ್ವಭಾವ ಆ ಕಲ್ಲಿನ ಮೇಲೆ ಕೂತೇ ಬಂದದ್ದು. ಹೆಂಡತಿ ಮಕ್ಕಳು ಅದನ್ನು ಬಿಗುಮಾನ ಎನ್ನುತ್ತಾರೆ. ಇರಬಹುದು.

ಬೇಸಿಗೆ ಬೆಳೆ ಕೊಯ್ಲಾಗಿ ಹೊಸ ಹುಲ್ಲು ಬಂತು. ಬಣವೆ ಒಟ್ಟುವ ಜಾಗ ನಮ್ಮಲ್ಲಿ ಅಜ್ಜನ ಕಾಲದಿಂದ ಒಂದೇ. ನೆಲ ಎತ್ತರ, ನೀರು ನಿಲ್ಲುವುದಿಲ್ಲ. ಆ ಸಲ ಅಪ್ಪ ಗಾಡಿಯನ್ನು ಕೊಟ್ಟಿಗೆಯ ಹಿಂದಕ್ಕೆ ಹೊಡೆಸಿ ಅಲ್ಲಿ ಹುಲ್ಲು ಇಳಿಸಲು ಹೇಳಿದ. ಅಜ್ಜಿ ಓಡಿ ಬಂದರು.

"ತಲಿ ಕೆಟ್ಟೈತೇನೋ? ಮಳಿ ಬಂದ್ರೆ ಅಲ್ಲಿ ನೀರು ನಿಲ್ತೈತೆ!"

"ನಿಲ್ಲಲಿ ಬಿಡವ್ವ."

"ಅಡಿ ಹುಲ್ಲೆಲ್ಲ ಕೊಳಿತೈತೆ!"

"ಕೊಳಿಲಿ."

ಕೊಳೆಯಿತು. ಮಳೆಗಾಲವೆಲ್ಲ ಆ ಮೂಲೆಯಿಂದ ಹುಳಿ ವಾಸನೆ ಬರುತ್ತಿತ್ತು. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ದಿಡ್ಡಿ ನೇರ ಕಾಣುತ್ತಿತ್ತು. ಅಪ್ಪ ಯಾಕೆ ಹಾಗೆ ಮಾಡಿದನೆಂದು ಯಾರಿಗೂ ಹೇಳಲಿಲ್ಲ, ನನ್ನ ಮೂಲಕವೂ ಹೇಳಿ ಕಳಿಸಲಿಲ್ಲ. ಅವ್ವ ಮೊದಲ ದಿನ ರೊಟ್ಟಿ ಹಿಡಿದು ಹೊಸ್ತಿಲ ಮೇಲೆ ಕೂತವಳು ಆ ಬಯಲನ್ನು ಬಹಳ ಹೊತ್ತು ನೋಡಿದಳು. ಬಣವೆ ಇದ್ದ ಕಡೆ ಹುಲ್ಲು ಬೆಳೆಯದ ಒಂದು ದುಂಡನೆಯ ಬಿಳಿ ಗುರುತು ಉಳಿದಿತ್ತು.

ಆ ವರ್ಷದ ಭೂಮಿ ಹುಣ್ಣಿಮೆಗೂ ಅವ್ವನೇ ಅಡುಗೆ ಮಾಡಿದಳು, ಹಾಡಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಸೊಪ್ಪು ಸೋಸಿದರು, ನಗಬೇಕೆಂದು ಹೇಳಲಿಲ್ಲ. ಹಕ್ಕಿಗಳು ಬಂದದ್ದು ಅದಾಗಿ ಕೆಲವು ದಿನಕ್ಕೆ. ಅಪ್ಪ ಕೊಟ್ಟಿಗೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಕಲ್ಲಿನ ಮೇಲೆ ಕೂತಿದ್ದೆ. ಮೊರದಲ್ಲಿ ಕಾಳು ಕೇರಿದ ಸದ್ದು ಕೇಳಿತು, ನಾನು ಕೂಗಲಿಲ್ಲ. ಆದರೂ ಅವ್ವ ಬಾಗಿಲಿಗೆ ಬಂದಳು. ಹಕ್ಕಿಗಳು ತಲೆಯ ಮೇಲೆ ಹರಡಿ, ಮುದ್ದೆಯಾಗಿ, ಮತ್ತೆ ಹರಡಿದವು. ನಾನು ಮೇಲೆ ನೋಡಿದೆ. ಅಪ್ಪನೂ, ಬಹುಶಃ ಮೊದಲ ಸಲ, ಹಗ್ಗ ಹೊಸೆಯುವುದನ್ನು ನಿಲ್ಲಿಸಿ ಮೇಲೆ ನೋಡಿದ. ಅವ್ವ ಮಾತ್ರ ಮೇಲೆ ನೋಡಲಿಲ್ಲ. ಅವಳ ಕಣ್ಣು ದಿಡ್ಡಿಯ ಮೇಲಿತ್ತು.

"ತಮ್ಮಾ, ನಿಮ್ಮವ್ವಗೆ..." ಎಂದು ಶುರು ಮಾಡಿದ ಅಪ್ಪ ಅಲ್ಲಿಗೇ ನಿಲ್ಲಿಸಿದ. ನನ್ನನ್ನು ಬಿಟ್ಟು, ನೇರ ಅವಳಿಗೇ ಕೇಳಿದ:

"ಹಕ್ಕಿ ಮ್ಯಾಲವೆ. ಅತ್ಲಾಗೆ ಏನು ನೋಡ್ತೀಯ?"

"ಯಾರಾನ ಬಂದಾರೇನೋ ಅಂತ ನೋಡ್ದೆ ಕಣ್ರಿ."

ಒಂದು ವರ್ಷದ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಅಪ್ಪ ಹಗ್ಗ ಕೆಳಗಿಟ್ಟು ಎದ್ದ. ದಿಡ್ಡಿಯವರೆಗೆ ನಡೆದು ಹೋಗಿ, ಅಗಳಿ ತೆಗೆದು, ಓಣಿಗೆ ಇಳಿದು ಆ ಕಡೆ ಈ ಕಡೆ ನೋಡಿದ. ವಾಪಸು ಬಂದು ಅವಳೆದುರು ನಿಂತು ಹೇಳಿದ:

"ಯಾರೂ ಇಲ್ಲ. ಕಡೀತನ ನೋಡ್ದೆ."

"ಹೂಂ," ಅಂದಳು ಅವ್ವ, ಒಳಗೆ ಹೋದಳು. ಅವರು ಆಮೇಲೆ ಮಾತಾಡಿಕೊಂಡರು, ಮನೆ ನಡೆಯಿತು, ನನ್ನ ಟಪಾಲು ಕೆಲಸ ನಿಂತಿತು. ಅಪ್ಪ ಬದುಕಿರುವವರೆಗೂ ಬಣವೆ ಕೊಟ್ಟಿಗೆಯ ಹಿಂದೆಯೇ ಇತ್ತು, ಪ್ರತಿ ವರ್ಷ ಅಡಿಹುಲ್ಲು ಕೊಳೆಯಿತು. ಪ್ರತಿ ವರ್ಷ ಹಕ್ಕಿ ಬಂದ ಸಂಜೆ ಅವನು ದಿಡ್ಡಿಯವರೆಗೆ ಹೋಗಿ ಓಣಿ ನೋಡಿ ಬರುತ್ತಿದ್ದ. ಅವ್ವ ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಅಪ್ಪ ಈಗಿಲ್ಲ. ಅಜ್ಜಿ ಅವನಿಗಿಂತ ಮೊದಲೇ ಹೋದರು. ಆ ಸಂಜೆ ಅವರು ಒಳಗಿದ್ದರು, ಹಕ್ಕಿಗಳನ್ನು ಕಾಣಲಿಲ್ಲ. ಅಪ್ಪ ಹೊರಗಿದ್ದ, ಆದರೆ ನೆಲ ನೋಡುತ್ತಿದ್ದ. ಆದ್ದರಿಂದ ಆ ಗುಂಪು ನಮ್ಮ ಹಿತ್ತಲ ಮೇಲೆ ತಿರುಗಿದ್ದನ್ನು ಕಂಡವರು ಮೂವರೇ. ನಮ್ಮವ್ವ ಗಿರಿಜಮ್ಮ, ಚನ್ನಗಿರಿಯಲ್ಲಿ ನನ್ನ ಜೊತೆಗಿದ್ದಾಳೆ, ಸಂಜೆ ಕುರ್ಚಿಯನ್ನು ಗೇಟು ಕಾಣುವ ಹಾಗೆ ಹಾಕಿಸಿಕೊಳ್ಳುತ್ತಾಳೆ. ಜಗಳೂರಿನ ಬಸಣ್ಣಮಾವ, ಒಂದು ಕಣ್ಣು ಮಂಜಾಗಿದೆ, ಬಂದಾಗಲೆಲ್ಲ ಅವ್ವ ಮೊದಲು ಉಂಡೆಯಾ ಎಂದು ಕೇಳುತ್ತಾಳೆ. ಮೂರನೆಯವನು ನಾನು.